ಎಷ್ಟೆಳೆ? ಒಲೆಗೊಂದು ಲೆಕ್ಕ, ಸೂಜಿಗೊಂದು ಲೆಕ್ಕ

ಸಂಕ್ರಾಂತಿ ಹತ್ತಿರ ಬಂದರೆ ಹಳಿಯಾಳ, ಮುಂಡಗೋಡದ ಮನೆಗಳಲ್ಲಿ ಪಾಕದ ಪಾತ್ರೆ ಒಲೆ ಏರುತ್ತದೆ. ‘ಎಳಿ ಬಂತೇನ?’ ಎಂದು ಒಬ್ಬರು ಕೇಳುತ್ತಾರೆ. ಅದೇ ಮನೆಯ ಕಟ್ಟೆಯ ಮೇಲೆ ಕೌದಿ ಹೊಲಿಯುವವರು ‘ಎರಡೆಳಿ ಪೋಣಿಸು’ ಎನ್ನುತ್ತಾರೆ. ಮಾತು ಒಂದೇ, ಲೆಕ್ಕ ಬೇರೆ. ಅಡುಗೆ ಹೊಸದಾಗಿ ಕಲಿಯುವವರ ಉಂಡಿ ಕಲ್ಲಾಗುವುದಕ್ಕೂ ಕೌದಿಯ ಹೊಲಿಗೆ ಬೇಗ ಬಿಚ್ಚಿಕೊಳ್ಳುವುದಕ್ಕೂ ಎಷ್ಟೋ ಸಲ ಈ ಎಳೆಯ ಲೆಕ್ಕ ತಪ್ಪಿರುವುದೇ ಕಾರಣ.

ಮೊದಲು ಒಲೆಯ ಎಳೆ. ಸಕ್ಕರೆಗೆ ನೀರು ಹಾಕಿ ಕುದಿಸಿದಾಗ ಪಾತ್ರೆಯಿಂದ ಹೊರಟು ಹೋಗುವುದು ನೀರು ಮಾತ್ರ. ನೀರು ಕಡಿಮೆಯಾದಂತೆ ಪಾಕದ ಕುದಿಬಿಂದು ಏರುತ್ತದೆ, ಪಾಕ ಮಂದವಾಗುತ್ತದೆ. ಸುಮಾರು 106ರಿಂದ 112 ಡಿಗ್ರಿ ಸೆಲ್ಸಿಯಸ್ ನಡುವೆ ಅದು ಎಳೆ ಬಿಡತೊಡಗುತ್ತದೆ. ಆ ಹೊತ್ತಿಗೆ ಪಾಕದಲ್ಲಿ ನೂರಕ್ಕೆ ಎಂಬತ್ತು ಪಾಲಿನಷ್ಟು ಸಕ್ಕರೆಯೇ ಇರುತ್ತದೆ. ಚಮಚದ ತುದಿಯಿಂದ ಒಂದು ಹನಿ ತೆಗೆದು, ಅರೆಕ್ಷಣ ಆರಲು ಬಿಟ್ಟು, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಬಿಡಿಸಬೇಕು. ಬರೀ ಅಂಟಾದರೆ ಅದು ಜಾಮೂನಿನ ಪಾಕ. ಒಂದು ಎಳೆ ಎದ್ದು ತುಂಡಾಗದೆ ನಿಂತರೆ ಬುಂದಿ ಲಾಡು, ರವೆ ಉಂಡಿಗೆ ಸರಿ. ಎರಡು ಎಳೆ ಅಕ್ಕಪಕ್ಕ ಮೂಡಿದರೆ ಪಾಕ ಇನ್ನಷ್ಟು ಬಿಗಿ. ತಿಂಡಿ ಬೇಗ ಒಣಗಿ ಗಟ್ಟಿಯಾಗುತ್ತದೆ.

ಇಲ್ಲೇ ಜನ ಎಡವುವುದು. ಎರಡೆಳೆ ಪಾಕವೆಂದರೆ ಒಂದೆಳೆಯ ಎರಡರಷ್ಟು ಕಾಯಿಸಬೇಕು ಎಂದುಕೊಳ್ಳುತ್ತಾರೆ. ಹಾಗಲ್ಲ. ಒಂದರಿಂದ ಎರಡಕ್ಕೆ ಇರುವ ಅಂತರ ಕೆಲವೇ ಡಿಗ್ರಿ. ಉರಿ ಜೋರಾಗಿದ್ದರೆ ಅದು ಕಣ್ಣೆದುರೇ ದಾಟಿಹೋಗುತ್ತದೆ. ಒಂದೆಳೆ ಬಂದ ಕೂಡಲೇ ಉರಿ ತಗ್ಗಿಸಿ. ಎಳೆ ಹೆಚ್ಚಾಗಿಬಿಟ್ಟರೆ ಎರಡು ಚಮಚ ನೀರು ಬೆರೆಸಿ ಮತ್ತೆ ಕುದಿಸಿದರಾಯಿತು, ಚೆಲ್ಲಬೇಕಿಲ್ಲ. ನಾಲ್ಕು ಹನಿ ಲಿಂಬೆರಸ ಹಾಕಿದರೆ ಸಕ್ಕರೆಯ ಒಂದಿಷ್ಟು ಭಾಗ ಒಡೆದು, ಪಾಕ ಮತ್ತೆ ಹರಳುಗಟ್ಟುವುದು ತಪ್ಪುತ್ತದೆ.

ಥರ್ಮಾಮೀಟರ್ ಇದ್ದರೂ ಬೆರಳಿನ ಪರೀಕ್ಷೆ ಬಿಡಬೇಡಿ ಎಂದೇ ನಾನು ಹೇಳುತ್ತೇನೆ. ಹಳಿಯಾಳ, ದಾಂಡೇಲಿ ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು ನೂರು ಡಿಗ್ರಿಗೆ ಒಂದೂವರೆ ಡಿಗ್ರಿ ಮೊದಲೇ ಕುದಿಯುತ್ತದೆ, ಪಾಕದ ಅಂಕಿಯೂ ಅಷ್ಟೇ ಕೆಳಗಿಳಿಯುತ್ತದೆ. ಪುಸ್ತಕದ ಅಂಕಿ ಹಿಡಿದು ಕುಳಿತರೆ ಪಾಕ ಮೀರುತ್ತದೆ. ಬೆರಳಿಗೆ ಸಿಗುವ ಎಳೆ ಎಲ್ಲ ಊರಲ್ಲೂ ಒಂದೇ.

ಬೆಲ್ಲದ ಆಣಕ್ಕೆ, ಅಂದರೆ ಬೆಲ್ಲದ ಪಾಕಕ್ಕೆ, ಮಾತ್ರ ಈ ಲೆಕ್ಕ ಸಾಲದು. ಶೇಂಗಾ ಚಿಕ್ಕಿಗೆ ಎಳೆಯ ಹಂತ ದಾಟಿ ಬಹಳ ಮುಂದೆ ಹೋಗಬೇಕು. ತಣ್ಣೀರಿಗೆ ಬಿಟ್ಟ ಹನಿ ಗಟ್ಟಿಯಾಗಿ ಟಕ್ಕನೆ ಮುರಿಯುವುದೇ ಅಲ್ಲಿನ ಗುರುತು.

ಈಗ ಸೂಜಿಯ ಎಳೆ. ಇಲ್ಲಿ ಎರಡೆಂದರೆ ಎಣಿಸಿ ಎರಡೇ. ಅಂಗಡಿಯ ಹತ್ತಿದಾರವನ್ನು ತಿರುವು ಬಿಚ್ಚಿ ನೋಡಿ: ಎರಡೋ ಮೂರೋ ನೂಲುಗಳು ಒಂದನ್ನೊಂದು ಸುತ್ತಿಕೊಂಡಿರುತ್ತವೆ. ಬಿಡಿ ನೂಲಿಗೆ ಒಂದು ದಿಕ್ಕಿನ ಹುರಿ ಇದ್ದರೆ ಕೂಡಿಸುವಾಗ ಎದುರು ದಿಕ್ಕಿಗೆ ಹುರಿ ಮಾಡಿರುತ್ತಾರೆ. ಎರಡು ಹುರಿಗಳೂ ಒಂದನ್ನೊಂದು ತಡೆಯುವುದರಿಂದ ದಾರ ಬಿಚ್ಚಿಕೊಳ್ಳುವುದಿಲ್ಲ. ಅದನ್ನು ಸೂಜಿಯ ಕಣ್ಣಲ್ಲಿ ಪೋಣಿಸಿ, ಎರಡೂ ತುದಿ ಸೇರಿಸಿ ಗಂಟು ಹಾಕಿದರೆ ಹೊಲಿಯುವವರ ಮಾತಿನ ಎರಡೆಳೆ.

ಇದರ ಬೆಲೆ ತಿಳಿಯಬೇಕಾದರೆ ಹಳಿಯಾಳ, ಮುಂಡಗೋಡ, ಜೋಯಿಡಾ ಭಾಗದ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಬೇಕು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ತಂದ ಆಫ್ರಿಕನ್ನರ ಸಂತತಿಯಾದ ಸಿದ್ದಿಯರು ಈ ಭಾಗದ ಕಾಡುಗಳಲ್ಲಿ ನೆಲೆನಿಂತಿದ್ದಾರೆ. ಅವರು ಕವಂದಿ ಎನ್ನುವ ಈ ಹೊದಿಕೆಗೆ ಒಳಗೆ ಹತ್ತಿ ತುಂಬುವುದಿಲ್ಲ. ಹಳೆಯ ಸೀರೆಯೊಂದನ್ನು ತಳಕ್ಕೆ ಹಾಸಿ, ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ಬಟ್ಟೆಯ ತುಂಡುಗಳನ್ನು ಇಡುತ್ತ, ಅಂಚು ಮಡಿಚುತ್ತ, ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ಮೊದಲೇ ಗೆರೆ ಎಳೆದುಕೊಳ್ಳುವ ಪದ್ಧತಿಯಿಲ್ಲ. ನಾಲ್ಕು ಮೂಲೆಗಳಿಗೆ ಮಡಿಸಿದ ತುಂಡುಗಳ ‘ಫುಲ’ ಬರಲೇಬೇಕು. ಕೊನೆಗೆ ಉಳಿದ ನಡುವಿನ ಜಾಗವನ್ನು ಮುಚ್ಚುವ ಮೊದಲು ಕೆಲವರು ನಾಲ್ಕು ಅಕ್ಕಿಕಾಳು ಇಡುತ್ತಾರೆ, ಕೌದಿಯ ಹೊಟ್ಟೆ ಹಸಿದಿರಬಾರದೆಂದು. ಅಡುಗೆಮನೆ ಮತ್ತು ಹೊಲಿಗೆ ಇಷ್ಟು ಹತ್ತಿರ ಬರುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ.

ಇಡೀ ಕೌದಿಯನ್ನು ಹಿಡಿದಿಡುವುದು ಓಟದ ಹೊಲಿಗೆಯೊಂದೇ. ಹಲವು ಪದರಗಳ ಮೂಲಕ ದಾರ ಸಾವಿರಾರು ಸಲ ತೂರಬೇಕು. ಒಂಟಿ ಎಳೆ ಉಜ್ಜಿ ಸವೆಯುತ್ತದೆ. ಎರಡೆಳೆಯಲ್ಲಿ ಒಂದು ಹರಿದರೂ ಇನ್ನೊಂದು ಹಿಡಿದಿರುತ್ತದೆ, ಗಂಟು ಹಾಕಿರುವುದರಿಂದ ಸೂಜಿಯಿಂದ ಜಾರುವುದೂ ಇಲ್ಲ. ಒಂದು ಸಲಕ್ಕೆ ಪೋಣಿಸುವ ದಾರ ತೋಳುದ್ದ ಮೀರದಿರಲಿ. ಉದ್ದವಾದರೆ ಸಿಕ್ಕಾಗುತ್ತದೆ, ಮೇಣ ಸವರಿದರೆ ನುಣುಪಾಗಿ ಜಾರುತ್ತದೆ.

ಹಳಿಯಾಳದಿಂದ ಧಾರವಾಡದ ಕಡೆ ಹೊರಟರೆ ಕಸೂತಿಯಲ್ಲಿ ಎಳೆಗೆ ಇನ್ನೊಂದು ಅರ್ಥ ಸಿಗುತ್ತದೆ. ಅಲ್ಲಿ ಎಣಿಸುವುದು ಬಟ್ಟೆಯ ಹಾಸು ಹೊಕ್ಕಿನ ಎಳೆ. ಗವಂತಿ ಹೊಲಿಗೆಯಲ್ಲಿ ಒಂದೆಳೆ ತಪ್ಪಿದರೂ ಗೋಪುರದ ಚಿತ್ತಾರ ವಾಲುತ್ತದೆ. ಅಡ್ಡಡ್ಡ ದಾಟುವ ಹೊಲಿಗೆಗೆ ಮೆಂತೆ ಎಂದೇ ಹೆಸರು, ಒಗ್ಗರಣೆ ಡಬ್ಬಿಯ ಅದೇ ಮೆಂತೆಕಾಳು.

ಅಡುಗೆಯಲ್ಲೇ ಎಳೆಗೆ ಬೇರೆ ಅರ್ಥಗಳೂ ಇವೆ. ಎಳೆ ಬದನೆಕಾಯಿ ಎಂದಾಗ ಅದು ಬಲಿಯದ ಕಾಯಿ. ಶಾವಿಗೆಯಲ್ಲಿ ಅದು ದಾರದಂತೆ ಕಣ್ಣಿಗೆ ಕಾಣುವ ಎಳೆಯೇ.

ಹಾಗಾಗಿ ಮನೆಯ ಪಾಕವಿಧಾನವನ್ನು ಮಕ್ಕಳಿಗೆ ಬರೆದುಕೊಡುವಾಗ ಬರೀ ‘ಎಳೆ ಪಾಕ’ ಎಂದು ಬರೆಯಬೇಡಿ. ಎಷ್ಟೆಳೆ, ಉರಿ ಎಷ್ಟಿರಬೇಕು, ಹನಿ ಆರಿದ ಮೇಲೆ ನೋಡಬೇಕೋ ಬಿಸಿಯಲ್ಲೋ ಎಂಬುದನ್ನೂ ಬರೆಯಿರಿ. ಸಿದ್ದಿ ಹೆಣ್ಣುಮಕ್ಕಳಿಂದ ಕೌದಿ ಕೊಳ್ಳುವಾಗ ಹೊಲಿಗೆಯ ಸಾಲುಗಳ ಮೇಲೆ ಒಮ್ಮೆ ಕೈಯಾಡಿಸಿ ನೋಡಿ. ಒತ್ತಾದ ಎರಡೆಳೆ ಹೊಲಿಗೆಯಿದ್ದರೆ ಬೆಲೆಯಲ್ಲಿ ಚೌಕಾಸಿ ಮಾಡಬೇಡಿ.