ಪ್ರಾಣಿಗೆ ತಕ್ಕ ಗುಂಡು

ಬೇಟೆಯ ರೈಫಲ್ಲಿಗೆ ಗುಂಡು ಆರಿಸುವಾಗ ಅದರ ತೂಕ, ವೇಗ ಮತ್ತು ರಚನೆ ಈ ಮೂರನ್ನೂ ಒಟ್ಟಿಗೆ ನೋಡಬೇಕಾಗುತ್ತದೆ. ಹೃದಯ, ಶ್ವಾಸಕೋಶಗಳಿಗೆ ತಾಗಿ ಪ್ರಾಣಿಯನ್ನು ಬೇಗನೆ ಕೆಡವುವ ಗುಂಡೇ ತಕ್ಕ ಗುಂಡು. ಅದು ತೀರಾ ಹಗುರವಾದರೆ ಗಾಯಗೊಂಡ ಪ್ರಾಣಿ ತಪ್ಪಿಸಿಕೊಂಡು ಎಲ್ಲೋ ನರಳಿ ಸಾಯುತ್ತದೆ. ತೀರಾ ಭಾರವಾದರೆ ಸಣ್ಣ ಮೈ ಛಿದ್ರವಾಗುತ್ತದೆ.

ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುವುದು ರೂಢಿ. 1 ಗ್ರೇನ್ ಎಂದರೆ ಸುಮಾರು 0.065 ಗ್ರಾಂ. ಮೊಲದಂಥ ಸಣ್ಣ ಪ್ರಾಣಿಗೆ .22 ರೈಫಲ್ಲಿನ 40 ಗ್ರೇನ್ ಗುಂಡು ಸಾಕು. ಸೊಲ್ಲಾಪುರ ಜಿಲ್ಲೆಯ ವಾಗದರಿ, ಅಕ್ಕಲಕೋಟೆ ಕಡೆಯ ಎರೆ ಬಯಲಿನ ಕೃಷ್ಣಮೃಗ ಸಾಮಾನ್ಯವಾಗಿ ಸುಮಾರು 40 ಕೆ.ಜಿ. ತೂಗುತ್ತದೆ. ಮರೆಯಿಲ್ಲದ ಬಯಲಿನಲ್ಲಿ ಅದು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ದೂರದವರೆಗೂ ಹೆಚ್ಚು ಬಾಗದೆ ಸಾಗುವ, ಹಗುರವಾದ ವೇಗದ ಗುಂಡು ಇಂಥ ಕಡೆ ಬೇಕಾಗುತ್ತಿತ್ತು. ಉದಾಹರಣೆಗೆ, 7 ಮಿ.ಮೀ. ಮೌಸರ್ ತೋಟಾದ 140 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 800 ಮೀಟರ್ ವೇಗದಲ್ಲಿ ಹೊರಡುತ್ತದೆ.

ಕಾಡುಹಂದಿ, ಕಡವೆಗಳ ಭುಜದ ಮೂಳೆ ಗಟ್ಟಿ, ಮಾಂಸ ದಪ್ಪ. ಅವಕ್ಕೆ 180–220 ಗ್ರೇನಿನ ಗುಂಡು ಒಪ್ಪುತ್ತದೆ. ಈ ಗುಂಡುಗಳಿಗೆ ತಾಮ್ರದ ಕವಚವಿದ್ದರೂ ತುದಿಯಲ್ಲಿ ಮೆತ್ತನೆಯ ಸೀಸ ತೆರೆದಿರುತ್ತದೆ. ಮೈಹೊಕ್ಕೊಡನೆ ಸೀಸ ಅರಳಿ ಗಾಯ ಅಗಲವಾಗುತ್ತದೆ. ಕಲ್ಕತ್ತೆ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಇಂಥ ಗುಂಡುಗಳು ತಯಾರಾದವು. 1899ರ ಹೇಗ್ ಘೋಷಣೆ ಅರಳುವ ಗುಂಡನ್ನು ಯುದ್ಧದಲ್ಲಿ ನಿಷೇಧಿಸಿತು. ಬೇಟೆಯಲ್ಲಿ ಅದೇ ಉಳಿಯಿತು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ನರಭಕ್ಷಕ ಹುಲಿ, ಚಿರತೆಗಳಿಗೆ ಬಳಸಿದ್ದು .405 ವಿಂಚೆಸ್ಟರ್ ರೈಫಲ್. ಅದರ ಗುಂಡು 300 ಗ್ರೇನ್, ಅಂದರೆ 19 ಗ್ರಾಂಗೂ ಹೆಚ್ಚು.

ಆನೆಗೆ ಅರಳುವ ಗುಂಡು ನಾಟುವುದಿಲ್ಲ. ತಲೆಬುರುಡೆಯ ದಪ್ಪ ಮೂಳೆಯಲ್ಲೇ ಅದರ ಬಲ ಕರಗಿಬಿಡುತ್ತದೆ. ಕಪ್ಪು ಮದ್ದಿನ ಕಾಲದಲ್ಲಿ ಇದಕ್ಕೆ ಪರಿಹಾರ ತೂಕ ಹೆಚ್ಚಿಸುವುದಾಗಿತ್ತು. 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ 4-ಬೋರ್ ಬಂದೂಕು ಬಳಸಿದ್ದ. ಒಂದು ಪೌಂಡ್ ಸೀಸದಲ್ಲಿ ನಾಲ್ಕೇ ಗುಂಡಾಗುವ ಅಳತೆ ಅದು. ಒಂದೊಂದೂ ಸುಮಾರು 113 ಗ್ರಾಂ. ಹೊಗೆಯಿಲ್ಲದ ಮದ್ದು ಬಂದ ಮೇಲೆ ಪೂರ್ಣ ಲೋಹಕವಚದ 500 ಗ್ರೇನ್ ಗುಂಡು, ಅಂದರೆ ಸುಮಾರು 32 ಗ್ರಾಂ, ತನ್ನ ವೇಗದಿಂದಲೇ ಆ ಕೆಲಸ ಮಾಡಿತು.

ಸೀಸದ ಗುಂಡಿಗೆ ಇನ್ನೊಂದು ದೋಷವಿದೆ. ಅದರ ಚೂರುಗಳು ಮಾಂಸದಲ್ಲಿ ಉಳಿದು, ಅದನ್ನು ತಿನ್ನುವ ಹದ್ದು, ರಣಹದ್ದುಗಳಿಗೆ ವಿಷವಾಗುತ್ತವೆ. ಆದ್ದರಿಂದ ಬೇಟೆಗೆ ಅನುಮತಿಯಿರುವ ಹಲವು ದೇಶಗಳಲ್ಲಿ ಬರೀ ತಾಮ್ರದ ಗುಂಡು ಬಳಕೆಗೆ ಬರುತ್ತಿದೆ.

ಭಾರತದಲ್ಲಿ ಈ ಆಯ್ಕೆಯ ಪ್ರಶ್ನೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮುಗಿಸಿದೆ. ಕೃಷ್ಣಮೃಗ ಮೊದಲ ಅನುಸೂಚಿಯಲ್ಲಿದೆ. ಅದನ್ನು ಕೊಂದವರಿಗೆ 3ರಿಂದ 7 ವರ್ಷ ಸೆರೆವಾಸ. ಸೊಲ್ಲಾಪುರದ ನಾನ್ನಜ್ ಕಡೆ ಎರೆಭೂತ ಪಕ್ಷಿಗಾಗಿ 1979ರಲ್ಲಿ ಅಭಯಾರಣ್ಯವಾದ ಬಯಲಿನಲ್ಲಿ ಕೃಷ್ಣಮೃಗಗಳೂ ಆಸರೆ ಪಡೆದಿವೆ. ಬೆಳೆಗೆ ಕಾಡುಹಂದಿಯ ಕಾಟವಿದ್ದರೆ ರೈತರು ಬಂದೂಕಿಗೆ ಕೈ ಹಾಕದೆ ಅರಣ್ಯ ಇಲಾಖೆಗೆ ಅರ್ಜಿ ಕೊಡಬೇಕು. ಆತ್ಮರಕ್ಷಣೆಯ ಹೊರತು, ಅಧಿಕೃತ ಲಿಖಿತ ಆದೇಶವಿಲ್ಲದೆ ಸಂರಕ್ಷಿತ ಪ್ರಾಣಿಯ ಮೇಲೆ ಹಾರಿಸಿದ ಗುಂಡು ಅಪರಾಧವೇ.