ಹಲ್ಲು ನಮ್ಮದು, ಕತ್ತು ಡಾಕ್ಟರದು!

ದಾವಣಗೆರೆ: ಹಲ್ಲುನೋವು ಬಂದರೆ ಡಾಕ್ಟರ ಹತ್ತಿರ ಓಡುತ್ತೇವೆ. ಡಾಕ್ಟರ ಕತ್ತುನೋವಿಗೆ ಯಾರು ದಿಕ್ಕು? 1979ರಲ್ಲೇ ಬಾಪೂಜಿ ದಂತ ಕಾಲೇಜು ಕಂಡ ಊರಿನಲ್ಲಿ ಇದು ತಮಾಷೆಯ ಪ್ರಶ್ನೆಯಲ್ಲ.

ಮನುಷ್ಯನ ತಲೆಯ ತೂಕ ಸುಮಾರು 5 ಕಿಲೋ. ಕತ್ತನ್ನು 30 ಡಿಗ್ರಿ ಮುಂದಕ್ಕೆ ಬಗ್ಗಿಸಿದರೆ ಅದರ ಮೇಲೆ ಬೀಳುವ ಭಾರ 18 ಕಿಲೋದಷ್ಟು ಎಂದು 2014ರಲ್ಲಿ ನ್ಯೂಯಾರ್ಕಿನ ಬೆನ್ನುಮೂಳೆ ಸರ್ಜನ್ ಒಬ್ಬರು ಲೆಕ್ಕ ಹಾಕಿದ್ದಾರೆ. ರೂಟ್ ಕೆನಾಲಿಗೆ ಕೂತರೆ ಅರ್ಧ, ಮುಕ್ಕಾಲು ಗಂಟೆ ಈ ಹೊರೆ! ಮಂಡಿಪೇಟೆ ಹಮಾಲನಾದರೂ ಮೂಟೆ ಇಳಿಸಿ ಬೀಡಿ ಸೇದಿಯಾನು. ಇವರು ಕೈ ಅಲುಗಿಸುವಂತಿಲ್ಲ.

ಉಪಾಯ ಉಂಟು. ಡಾಕ್ಟರು ಬಾಯಿಯತ್ತ ಬಗ್ಗಬಾರದು; ರೋಗಿಯ ಬಾಯಿಯೇ ಅವರ ಮೊಣಕೈ ಮಟ್ಟಕ್ಕೆ ಬರಬೇಕು. ಮೇಲಿನ ಹಲ್ಲಾದರೆ ಕುರ್ಚಿ ಪೂರಾ ಮಲಗಿಸಿ, ಪುಟ್ಟ ಕನ್ನಡಿಯಲ್ಲಿ ನೋಡುತ್ತ ಕೆಲಸ. ಸಾಮಾನು ಕೈಗೆ ಕೊಡಲು ಒಬ್ಬ ಸಹಾಯಕ. ರೋಗಿ ರೋಗಿಯ ನಡುವೆ ಎರಡು ನಿಮಿಷ ಎದ್ದು ಓಡಾಟ.

ನಮ್ಮ ಪಾಲೂ ಇದೆ. ಕುರ್ಚಿ ಇಳಿಸಿದ ಕೂಡಲೇ "ಇಷ್ಟು ಮಲಗಿಸಬ್ಯಾಡ್ರೀ ಸಾರ್" ಎಂದು ತಲೆ ಎತ್ತುವವರುಂಟು. ಉಬ್ಬಸವೋ, ಬಸುರಿಯೋ ಆದರೆ ಮೊದಲೇ ಹೇಳಿ. ಇಲ್ಲವಾದರೆ ಹೇಳಿದಷ್ಟು ಮಲಗಿ, ಗದ್ದ ಎತ್ತಿ. ಕತ್ತು ಹಿಡಿದು ಡಾಕ್ಟರು ಬಾಗಿಲು ಹಾಕಿದರೆ ಹಲ್ಲು ಹಿಡಿದುಕೊಂಡು ಅಲೆಯುವವರು ನಾವೇ!