ವಿದ್ಯುತ್ ಬೆಸುಗೆಯೂ ಅದರ ನಾಲ್ಕು ಅಪಾಯಗಳೂ

ಸಂಜೆಯ ಹೊತ್ತು ಪೇಟೆಯ ಬೀದಿಯಲ್ಲಿ ನಡೆದು ಹೋಗುವಾಗ, ಯಾವುದಾದರೊಂದು ಅಂಗಡಿಯ ಮುಂಭಾಗದಿಂದ ನೀಲಿ ಬೆರೆತ ಬಿಳಿಯ ಬೆಳಕು ಥಟ್ಟನೆ ಹೊಳೆದು ಎದುರಿನ ಗೋಡೆಗಳನ್ನೆಲ್ಲ ಬೆಳಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಚರಚರ ಸದ್ದು, ಸುತ್ತಲೂ ಚಿಮ್ಮುವ ಕಿಡಿಗಳು, ಮೇಲೇಳುವ ಬೂದುಬಣ್ಣದ ಹೊಗೆ. ಇವುಗಳ ನಡುವೆ ಒಬ್ಬಾತನು ಕುಕ್ಕುರುಗಾಲಿನಲ್ಲಿ ಕುಳಿತು ಕಿಟಕಿಯ ಗ್ರಿಲ್ಲನ್ನೋ ಮನೆಯ ಗೇಟನ್ನೋ ಬೆಸೆಯುತ್ತಿರುತ್ತಾನೆ. ಶಾಲೆಯಿಂದ ಮರಳುವ ಮಕ್ಕಳು ನಿಂತು ಆ ಬೆಳಕನ್ನು ಬೆರಗಿನಿಂದ ದಿಟ್ಟಿಸುವುದುಂಟು. “ನೋಡಬೇಡಿರೋ, ಕಣ್ಣು ಹೋದೀತು” ಎಂದು ಹಿರಿಯರು ಗದರಿಸುವುದೂ ಉಂಟು. ಗದರಿಕೆಯೇನೋ ಸರಿಯಾದುದೇ. ಆದರೆ ಏಕೆ ನೋಡಬಾರದು ಎಂಬುದನ್ನು ತಿಳಿಸಿ ಹೇಳುವವರು ಕಡಮೆ. ಕಾರಣವನ್ನು ಅರಿಯದ ಎಚ್ಚರಿಕೆಯು ಬಹುಕಾಲ ನಿಲ್ಲುವುದಿಲ್ಲ. ಇಂದು ಬೀದಿಯಲ್ಲಿ ನಿಂತು ನೋಡುವ ವಿದ್ಯಾರ್ಥಿಯೇ ನಾಳೆ ಪಾಲಿಟೆಕ್ನಿಕ್ಕಿನ ಅಥವಾ ಎಂಜಿನಿಯರಿಂಗ್ ಕಾಲೇಜಿನ ಕಾರ್ಯಾಗಾರದಲ್ಲಿ ಬೆಸುಗೆಯ ಹೋಲ್ಡರನ್ನು ಕೈಯಲ್ಲಿ ಹಿಡಿಯಬಹುದು. ಆದುದರಿಂದ ಈ ಯಂತ್ರದಲ್ಲಿ ನಡೆಯುವುದೇನು, ಅದರಿಂದ ಬರುವ ಕೇಡೇನು, ಆ ಕೇಡನ್ನು ತಡೆಯುವ ಬಗೆ ಹೇಗೆ ಎಂಬುದನ್ನು ಈಗ ವಿಚಾರ ಮಾಡೋಣ.

ಲೋಹಗಳನ್ನು ಬೆಸೆಯುವ ವಿದ್ಯೆ ಹೊಸದೇನಲ್ಲ. ನಮ್ಮ ಹಳ್ಳಿಯ ಕಮ್ಮಾರನು ಕಬ್ಬಿಣದ ಎರಡು ತುಂಡುಗಳನ್ನು ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಒಂದುಗೂಡಿಸುತ್ತಿದ್ದನು. ವಿದ್ಯುತ್ತು ಈ ಕೆಲಸಕ್ಕೆ ಬಂದುದು ಆಮೇಲೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯು ಎರಡು ಇದ್ದಿಲಿನ ಕಡ್ಡಿಗಳ ನಡುವಿನ ಕಿರಿದಾದ ತೆರಪಿನಲ್ಲಿ ವಿದ್ಯುತ್ತು ಹರಿಯುವಂತೆ ಮಾಡಿ ಕಣ್ಣು ಕೋರೈಸುವ ಬೆಳಕನ್ನು ಪಡೆದನು. ಆ ಬೆಳಕು ಬಿಲ್ಲಿನಂತೆ ಬಾಗಿದ್ದುದರಿಂದ ಅದಕ್ಕೆ ‘ವಿದ್ಯುತ್ ಚಾಪ’ ಎಂಬ ಹೆಸರು ಬಂದಿತು. ೧೮೮೦ರ ದಶಕದಲ್ಲಿ ರಷ್ಯದ ಬೆನಾರ್ಡೋಸ್ ಎಂಬಾತನು ಇದ್ದಿಲಿನ ಕಡ್ಡಿಯ ಚಾಪದಿಂದ ಲೋಹವನ್ನು ಕರಗಿಸಿ ಬೆಸೆದನು. ಅದೇ ದೇಶದ ಸ್ಲಾವ್ಯಾನೋವ್ ೧೮೮೮ರಲ್ಲಿ ಇದ್ದಿಲಿನ ಬದಲು ಲೋಹದ ಕಡ್ಡಿಯನ್ನೇ ಬಳಸಿದನು. ಕಡ್ಡಿಯೇ ಕರಗಿ ಸಂದಿಯನ್ನು ತುಂಬಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸ್ವೀಡನ್ನಿನ ಆಸ್ಕರ್ ಶೆಲ್‌ಬೆರಿಯು ಆ ಕಡ್ಡಿಗೆ ಲೇಪವನ್ನು ಕೊಟ್ಟನು. ಇಂದು ಅಂಗಡಿಯವರು ‘ರಾಡ್’ ಎಂದು ಕರೆಯುವುದು ಇದರ ಸಂತತಿಯನ್ನೇ.

ಈ ಲೇಪವು ಸುಮ್ಮನೆ ಹಚ್ಚಿದ ಬಣ್ಣವಲ್ಲ. ಕರಗಿದ ಉಕ್ಕಿಗೆ ಗಾಳಿಯ ಆಮ್ಲಜನಕವೂ ಸಾರಜನಕವೂ ತಗುಲಿದರೆ ಬೆಸುಗೆಯು ಪೆಡಸಾಗಿ ಬಿರಿಯುತ್ತದೆ. ಲೇಪವು ಉರಿದು ಅನಿಲವಾಗಿ ಕರಗಿದ ಲೋಹದ ಸುತ್ತ ತೆರೆಯಂತೆ ನಿಲ್ಲುತ್ತದೆ. ಉಳಿದ ಭಾಗವು ಕಿಟ್ಟವಾಗಿ ಮೇಲೆ ಹೆಪ್ಪುಗಟ್ಟಿ ಬೆಸುಗೆಯನ್ನು ಹೊದಿಕೆಯಂತೆ ಕಾಪಾಡುತ್ತದೆ.

ಇನ್ನು ಯಂತ್ರದ ಮಾತು. ಮನೆಗೆ ಬರುವ ವಿದ್ಯುತ್ತು ೨೩೦ ವೋಲ್ಟಿನದು. ಯಂತ್ರದೊಳಗಿನ ಪರಿವರ್ತಕವು ವೋಲ್ಟೇಜನ್ನು ತಗ್ಗಿಸಿ ಪ್ರವಾಹವನ್ನು ಹೆಚ್ಚಿಸುತ್ತದೆ. ಚಾಪವು ಉರಿಯುತ್ತಿರುವಾಗ ಅದರ ಎರಡು ತುದಿಗಳ ನಡುವೆ ಇರುವುದು ಸುಮಾರು ೨೫ ವೋಲ್ಟ್ ಮಾತ್ರ. ಹರಿಯುವ ಪ್ರವಾಹವಾದರೋ, ಮೂರು ಮಿಲಿಮೀಟರಿನ ರಾಡಿಗೆ ಸುಮಾರು ೧೨೦ ಆಂಪಿಯರ್. ಎರಡನ್ನೂ ಗುಣಿಸಿದರೆ ೩,೦೦೦ ವಾಟ್ ಆಗುತ್ತದೆ. ಮೂರು ಇಸ್ತ್ರಿಪೆಟ್ಟಿಗೆಗಳು ಒಟ್ಟಿಗೆ ಕೊಡುವ ಶಾಖವೆಲ್ಲ ಬೆರಳಿನ ಉಗುರಿಗಿಂತ ಚಿಕ್ಕದಾದ ಜಾಗದಲ್ಲಿ ಸೇರಿದಂತಾಯಿತು. ಉಕ್ಕು ಕರಗಲು ಸುಮಾರು ೧,೫೦೦ ಡಿಗ್ರಿ ಸೆಂಟಿಗ್ರೇಡ್ ಸಾಕು. ಚಾಪದ ಉಷ್ಣತೆಯಾದರೋ ಹಲವು ಸಾವಿರ ಡಿಗ್ರಿ, ಸೂರ್ಯನ ಮೇಲ್ಮೈಯ ಉಷ್ಣತೆಗೆ ಸರಿಸಾಟಿ. ಸೂರ್ಯನ ಚೂರೊಂದನ್ನು ಮೊಳದಷ್ಟು ದೂರದಲ್ಲಿ ಇಟ್ಟುಕೊಂಡು ಕೆಲಸಮಾಡುವವನಿಗೆ ನಾಲ್ಕು ಕಡೆಯಿಂದ ಅಪಾಯಗಳಿವೆ. ಅವು ಕಿರಣ, ವಿದ್ಯುತ್ತು, ಕಿಡಿ ಮತ್ತು ಹೊಗೆ.

ಮೊದಲನೆಯದು ಕಿರಣ. ಚಾಪದಿಂದ ಹೊರಡುವುದು ಕಣ್ಣಿಗೆ ಕಾಣುವ ಬೆಳಕು ಮಾತ್ರವಲ್ಲ. ಕಾಣದಿರುವ ಅವಕೆಂಪು ಕಿರಣಗಳೂ ಅತಿನೇರಿಳೆ ಕಿರಣಗಳೂ ಅದರೊಡನೆ ಇರುತ್ತವೆ. ಸೂರ್ಯನ ಅತಿನೇರಿಳೆ ಕಿರಣಗಳಲ್ಲಿ ತೀರ ಉಗ್ರವಾದುವನ್ನು ವಾಯುಮಂಡಲದ ಓಜೋನ್ ಪದರವು ತಡೆದು ನಮ್ಮನ್ನು ಕಾಯುತ್ತದೆ. ಬೆಸುಗೆಯ ಚಾಪಕ್ಕೂ ನಮಗೂ ನಡುವೆ ಅಂತಹ ಕಾವಲಿಲ್ಲ. ಈ ಕಿರಣಗಳನ್ನು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯವು ಹೀರಿಕೊಳ್ಳುತ್ತದೆ. ಅದರ ಮೇಲುಪದರದ ಜೀವಕೋಶಗಳು ಬೆಂದು ಸಾಯುತ್ತವೆ. ಇದರಲ್ಲಿ ಮೋಸದ ಸಂಗತಿಯೆಂದರೆ, ಬೇನೆಯು ಒಡನೆ ತಿಳಿಯುವುದಿಲ್ಲ. ಮಧ್ಯಾಹ್ನ ಬರಿಗಣ್ಣಿನಿಂದ ನೋಡಿದವನು ಸಂಜೆ ಸುಖವಾಗಿ ಊಟಮಾಡಿ ಮಲಗುತ್ತಾನೆ. ಆರು ಗಂಟೆಯಿಂದ ಹನ್ನೆರಡು ಗಂಟೆಗಳು ಕಳೆದಾಗ ಕಣ್ಣಿಗೆ ಮರಳು ಸುರಿದಂತಾಗಿ, ನೀರು ಹರಿದು, ದೀಪವನ್ನು ನೋಡಲಾರದೆ ನರಳುತ್ತಾನೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇದು ವಾಸಿಯಾಗುತ್ತದೆ. ಆಗ ಕಣ್ಣಿಗೆ ಹಾಲನ್ನೋ ಸೊಪ್ಪಿನ ರಸವನ್ನೋ ಹಿಂಡುವುದು ತರವಲ್ಲ. ಗಾಯಗೊಂಡ ಕಣ್ಣಿಗೆ ಸೋಂಕು ತಗುಲೀತು. ವೈದ್ಯರನ್ನು ಕಾಣುವುದೇ ಸರಿಯಾದ ದಾರಿ.

ಹಾಗಾದರೆ ತಂಪುಕನ್ನಡಕ ಸಾಲದೆ ಎಂದು ಕೇಳಬಹುದು. ಸಾಲದು. ಚಾಪದ ಬೆಸುಗೆಗೆಂದು ತಯಾರಿಸಿದ ಗಾಜುಗಳಿಗೆ ಕಪ್ಪಿನ ಗಾಢತೆಗೆ ತಕ್ಕಂತೆ ಸಂಖ್ಯೆಗಳಿವೆ. ಸಾಮಾನ್ಯ ರಾಡಿನ ಕೆಲಸಕ್ಕೆ ಪ್ರವಾಹವನ್ನನುಸರಿಸಿ ೧೦ರಿಂದ ೧೨ರವರೆಗಿನ ಸಂಖ್ಯೆಯ ಗಾಜು ಬೇಕು. ಅದನ್ನು ಹಿಡಿದು ಸುತ್ತ ನೋಡಿದರೆ ಚಾಪವಲ್ಲದೆ ಬೇರೇನೂ ಕಾಣಿಸದು. ತಂಪುಕನ್ನಡಕವಾದರೋ ಬೆಳಕಿನ ಕಾಲುಭಾಗವನ್ನೋ ಐದರಲ್ಲೊಂದು ಭಾಗವನ್ನೋ ಒಳಗೆ ಬಿಡುತ್ತದೆ. ಮುಖದ ಚರ್ಮಕ್ಕೆ ಅದರಿಂದ ರಕ್ಷಣೆಯೂ ಇಲ್ಲ. ಇಡೀ ಮುಖವನ್ನು ಮುಚ್ಚುವ ಕವಚ, ಮಣಿಕಟ್ಟನ್ನು ದಾಟುವ ಚರ್ಮದ ಕೈಗವಸು, ತೋಳು ಮುಚ್ಚುವ ದಪ್ಪ ಹತ್ತಿಯ ಬಟ್ಟೆ, ಇವು ಬೇಕೇ ಬೇಕು. ಈಚೆಗೆ ಬಂದಿರುವ ಕೆಲವು ಕವಚಗಳ ಗಾಜು ಚಾಪ ಹೊತ್ತಿದ ಕ್ಷಣದಲ್ಲಿಯೇ ತಾನಾಗಿ ಕಪ್ಪಾಗುತ್ತದೆ. ರಾಡಿನ ತುದಿಯನ್ನು ಗುರಿಯಿಡುವಾಗ ಕವಚವನ್ನು ಎತ್ತಿ ಮೊದಲ ಹೊಳಪಿಗೆ ಕಣ್ಣನ್ನೊಡ್ಡುವ ಅಭ್ಯಾಸ ಇದರಿಂದ ತಪ್ಪುತ್ತದೆ.

ಕಬ್ಬಿಣವನ್ನು ಹಿಡಿದುಕೊಂಡಿರುವ ಸಹಾಯಕನನ್ನು ಅನೇಕರು ಮರೆತುಬಿಡುತ್ತಾರೆ. ಕಿರಣಕ್ಕೆ ಯಜಮಾನ, ಆಳು ಎಂಬ ಭೇದವಿಲ್ಲ. ದೂರವು ಎರಡರಷ್ಟಾದರೆ ಕಿರಣದ ಬಲ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆಂಬುದು ನಿಜ. ಆದರೆ ಸಹಾಯಕನು ನಿಂತಿರುವುದು ಎರಡೇ ಮಾರು ಆಚೆ. ಅವನಿಗೂ ಒಂದು ಕವಚ ಇರಬೇಕು. ದಾರಿಹೋಕರಿಗೆ ಬೆಳಕು ತಗುಲದಂತೆ ಉರಿಯದ ಪರದೆಯೊಂದನ್ನು ಅಡ್ಡ ಕಟ್ಟಬೇಕು.

ಎರಡನೆಯದು ವಿದ್ಯುತ್ತು. ಚಾಪದ ವೋಲ್ಟೇಜು ೨೫ ಮಾತ್ರವಾಗಿರುವಾಗ ಅಂಜಿಕೆ ಏತಕ್ಕೆ? ಇಲ್ಲಿಯೇ ಸೂಕ್ಷ್ಮವಿದೆ. ಚಾಪವು ಉರಿಯದೆ ಇರುವಾಗ, ಎಂದರೆ ಯಂತ್ರ ಚಾಲೂ ಇದ್ದು ರಾಡ್ ಬರಿದೆ ಇರುವಾಗ, ಹೋಲ್ಡರಿನಲ್ಲಿ ಸುಮಾರು ೫೦ರಿಂದ ೮೦ ವೋಲ್ಟ್ ಇರುತ್ತದೆ. ಕೆಲಸವಿಲ್ಲದ ಹೊತ್ತೇ ಹೆಚ್ಚು ಅಪಾಯದ ಹೊತ್ತು! ಒಣಗಿದ ಚರ್ಮವು ವಿದ್ಯುತ್ತಿಗೆ ಸಾಕಷ್ಟು ರೋಧವನ್ನು ಒಡ್ಡುತ್ತದೆ. ಬೆವರಿನಿಂದ ತೊಯ್ದಾಗ ದೇಹದ ರೋಧವು ಸುಮಾರು ೧,೦೦೦ ಓಮ್‌ಗೆ ಇಳಿಯಬಹುದು. ಓಮ್‌ನ ನಿಯಮದಂತೆ ೮೦ನ್ನು ೧,೦೦೦ದಿಂದ ಭಾಗಿಸಿದರೆ ೮೦ ಮಿಲಿಆಂಪಿಯರ್ ಎಂದಾಯಿತು. ಹದಿನೈದು ಮಿಲಿಆಂಪಿಯರಿನ ಸುಮಾರಿಗೇ ಕೈಯ ಸ್ನಾಯುಗಳು ಬಿಗಿದು ಹಿಡಿದುದನ್ನು ಬಿಡಲಾರದಂತಾಗುತ್ತವೆ. ಅದರ ಹಲವು ಪಟ್ಟು ಪ್ರವಾಹವು ಎದೆಯ ಮೂಲಕ ಹಾದರೆ ಹೃದಯದ ಬಡಿತವೇ ತಪ್ಪಿ ಪ್ರಾಣ ಹೋಗಬಹುದು. ಬೇಸಗೆಯ ಸೆಖೆಯಲ್ಲಿ ಬೆವರುತ್ತ, ಬರಿಗಾಲಿನಲ್ಲಿ, ಒದ್ದೆ ನೆಲದ ಮೇಲೆ ಕುಳಿತು ಬರಿಗೈಯಿಂದ ರಾಡ್ ಬದಲಾಯಿಸುವವನು ಈ ಲೆಕ್ಕವನ್ನು ತನ್ನ ಮೈಮೇಲೆಯೇ ಮಾಡಿ ನೋಡುತ್ತಿರುತ್ತಾನೆ.

ಆದುದರಿಂದ ರಾಡ್ ಬದಲಿಸುವಾಗ ಒಣಗಿದ ಕೈಗವಸು ಇರಲೇಬೇಕು. ಕಾಲಿಗೆ ರಬ್ಬರಿನ ಅಟ್ಟೆಯ ಮುಚ್ಚಿದ ಬೂಟು, ಕುಳಿತುಕೊಳ್ಳಲು ಒಣ ಹಲಗೆ ಬೇಕು. ಕೇಬಲಿನ ಹೊದಿಕೆ ಹರಿದಿದ್ದರೆ ಅದನ್ನು ಬದಲಾಯಿಸಬೇಕೇ ಹೊರತು ಬಟ್ಟೆ ಸುತ್ತಿ ಸಮಾಧಾನಪಡಬಾರದು. ಹೋಲ್ಡರನ್ನು ಕಂಕುಳಲ್ಲಿ ಇರುಕಿಕೊಳ್ಳುವುದಾಗಲಿ, ಕೇಬಲನ್ನು ಮೈಗೆ ಸುತ್ತಿಕೊಳ್ಳುವುದಾಗಲಿ ಎಂದಿಗೂ ಕೂಡದು. ಅಂಗಡಿಗಳಲ್ಲಿ ‘ಅರ್ತ್’ ಎಂದು ಕರೆಯುವ ಎರಡನೆಯ ಕೇಬಲು ನಿಜವಾಗಿ ಪ್ರವಾಹವು ಯಂತ್ರಕ್ಕೆ ಹಿಂದಿರುಗುವ ದಾರಿ; ಯಂತ್ರದ ಪೆಟ್ಟಿಗೆಯನ್ನು ಭೂಮಿಗೆ ಸೇರಿಸುವ ತಂತಿಯೇ ಬೇರೆ. ಒಂದು ಇದ್ದರೆ ಇನ್ನೊಂದು ಬೇಡವೆಂದು ತಿಳಿಯುವುದು ದೊಡ್ಡ ತಪ್ಪು. ಹಿಂದಿರುಗುವ ಕೇಬಲನ್ನು ಬೆಸೆಯುವ ಜಾಗದ ಹತ್ತಿರದಲ್ಲಿಯೇ ಬಿಗಿಯಾಗಿ ಕಚ್ಚಿಸಬೇಕು. ಕಟ್ಟಡದ ಕಂಬಿಗೋ ನೀರಿನ ಕೊಳವೆಗೋ ಸಿಕ್ಕಿಸಿದರೆ ನೂರಾರು ಆಂಪಿಯರು ನಾವು ಎಣಿಸದ ದಾರಿಗಳಲ್ಲಿ ಹರಿದು, ಸಡಿಲವಾದೆಡೆಯಲ್ಲಿ ಬೆಂಕಿ ಹೊತ್ತಿಸುತ್ತದೆ. ಯಾರಿಗಾದರೂ ವಿದ್ಯುತ್ತು ಹೊಡೆದರೆ ಮೊದಲು ಸ್ವಿಚ್ಚನ್ನು ಆರಿಸಬೇಕು. ಅದಕ್ಕೆ ಮುಂಚೆ ಅವನನ್ನು ಮುಟ್ಟಿದರೆ ಬೀಳುವವರು ಇಬ್ಬರಾಗುತ್ತಾರೆ.

ಮೂರನೆಯದು ಕಿಡಿ. ಹಾರುವ ಕಿಡಿಯೆಂದರೆ ಕರಗಿದ ಉಕ್ಕಿನ ಹನಿ. ಅದು ನೆಲಕ್ಕೆ ಬಿದ್ದು ಪುಟಿದು, ಉರುಳಿ, ಹಲಗೆಯ ಸಂದಿಯಲ್ಲಿ ನುಸುಳಬಲ್ಲದು. ಇದರಿಂದಾಗುವ ಅನಾಹುತಕ್ಕೆ ನಾರ್ಮಂಡಿ ಎಂಬ ಹಡಗಿನ ಕಥೆಯೇ ಸಾಕ್ಷಿ. ಫ್ರಾನ್ಸಿನ ಈ ಭವ್ಯವಾದ ಪ್ರಯಾಣದ ಹಡಗನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರನ್ನು ಸಾಗಿಸಲು ನ್ಯೂಯಾರ್ಕ್ ಬಂದರಿನಲ್ಲಿ ಮಾರ್ಪಡಿಸುತ್ತಿದ್ದರು. ೧೯೪೨ನೆಯ ಫೆಬ್ರವರಿ ೯ರಂದು ಅದರ ದೊಡ್ಡ ಸಭಾಂಗಣದಲ್ಲಿ ಉಕ್ಕಿನ ಕಂಬವೊಂದನ್ನು ಅನಿಲದ ಜ್ವಾಲೆಯಿಂದ ಕತ್ತರಿಸುತ್ತಿರುವಾಗ, ಹತ್ತಿರ ರಾಶಿಹಾಕಿದ್ದ ಜೀವರಕ್ಷಕ ಅಂಗಿಗಳಿಗೆ ಕಿಡಿ ತಗುಲಿತು. ಅವುಗಳೊಳಗೆ ತುಂಬಿದ್ದುದು ನಮ್ಮ ಬೂರುಗದ ಹತ್ತಿಯನ್ನು ಹೋಲುವ, ಥಟ್ಟನೆ ಹೊತ್ತಿಕೊಳ್ಳುವ ಕೇಪಕ್ ಎಂಬ ನಾರು. ಬೆಂಕಿಯನ್ನಾರಿಸಲು ಸುರಿದ ನೀರಿನ ಭಾರಕ್ಕೆ ಹಡಗು ವಾಲಿ ಮರುದಿನ ಬೆಳಗಾಗುವ ಮುನ್ನವೇ ಮಗುಚಿಬಿತ್ತು. ಅದು ಮತ್ತೆಂದೂ ಯಾನ ಮಾಡಲಿಲ್ಲ. ಸಾವಿರ ಅಡಿ ಉದ್ದದ ಹಡಗನ್ನು ಮುಳುಗಿಸಲು ಶತ್ರುವಿನ ಗುಂಡು ಬೇಕಾಗಲಿಲ್ಲ. ಹತ್ತಿರವಿದ್ದ ರಾಶಿಯನ್ನು ಮೊದಲೇ ತೆಗೆಯದಿದ್ದುದೇ ಸಾಕಾಯಿತು.

ಈ ಕಾರಣದಿಂದಲೇ ಬೆಸೆಯುವ ಸ್ಥಳದಿಂದ ಸುತ್ತಲೂ ೩೫ ಅಡಿಗಳವರೆಗೆ ಉರಿಯುವ ವಸ್ತುಗಳಿರಬಾರದೆಂಬ ನಿಯಮವನ್ನು ಅನೇಕ ಕಡೆ ಪಾಲಿಸುತ್ತಾರೆ. ತೆಗೆಯಲಾಗದುದನ್ನು ಉರಿಯದ ಹೊದಿಕೆಯಿಂದ ಮುಚ್ಚಬೇಕು. ನೀರೂ ಮರಳೂ ತುಂಬಿದ ಬಕೆಟ್ಟುಗಳು ಕೈಗೆಟುಕುವಂತಿರಬೇಕು. ಆದರೆ ವಿದ್ಯುತ್ತು ಹರಿಯುತ್ತಿರುವ ಯಂತ್ರದ ಮೇಲೆ ಮಾತ್ರ ನೀರನ್ನು ಎರಚಬಾರದು. ಕೆಲಸ ಮುಗಿದ ಮೇಲೆಯೂ ಕನಿಷ್ಠ ಅರ್ಧ ಗಂಟೆ ಒಬ್ಬರು ಕಾವಲಿರಬೇಕು. ಬೂದಿ ಮುಚ್ಚಿದ ಕೆಂಡ ಎಲ್ಲಿ ಅಡಗಿದೆಯೋ ಬಲ್ಲವರಾರು? ಇನ್ನು ಎಣ್ಣೆಯ ಖಾಲಿ ಡ್ರಮ್ಮನ್ನು ಬೆಸೆಯಲು ತಂದವರನ್ನು ಹಿಂದಕ್ಕೆ ಕಳುಹಿಸುವುದೇ ವಿವೇಕ. ಪೆಟ್ರೋಲಿನ ಡ್ರಮ್ಮು ಖಾಲಿಯಾದಾಗ ಉಳಿದ ಆವಿಯು ಗಾಳಿಯೊಡನೆ ಬೆರೆತು ಸಿಡಿಮದ್ದಿಗೆ ಸಮನಾಗಿರುತ್ತದೆ. ಶಾಸ್ತ್ರೋಕ್ತವಾಗಿ ಶುದ್ಧಿಮಾಡದೆ ಅಂತಹುದನ್ನು ಮುಟ್ಟಬಾರದು.

ನಾಲ್ಕನೆಯದು ಹೊಗೆ. ಚಾಪದ ಶಾಖಕ್ಕೆ ಲೋಹವೂ ಲೇಪವೂ ಆವಿಯಾಗಿ, ತಣಿದು, ಬಹು ಸಣ್ಣ ಕಣಗಳಾಗುತ್ತವೆ. ಈ ಕಣಗಳು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಮುಖಕ್ಕೆ ಕಟ್ಟಿದ ಕರವಸ್ತ್ರವು ಅವನ್ನು ತಡೆಯಲಾರದು. ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟ ಕಬ್ಬಿಣವನ್ನು ಬೆಸೆಯುವಾಗ ವಿಶೇಷ ಎಚ್ಚರ ಬೇಕು. ಸತುವು ೯೦೭ ಡಿಗ್ರಿಯಲ್ಲಿಯೇ ಕುದಿಯುವುದರಿಂದ, ಉಕ್ಕು ಕರಗುವ ಮೊದಲೇ ಬಿಳಿಯ ಹೊಗೆಯಾಗಿ ಮೇಲೇಳುತ್ತದೆ. ಅದನ್ನು ಸೇವಿಸಿದವನಿಗೆ ಕೆಲವು ಗಂಟೆಗಳ ತರುವಾಯ ಚಳಿಜ್ವರದಂತೆ ನಡುಕ ಬಂದು ಮೈ ಸುಡುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆಯ ದೋಷ ಕಳೆಯುವುದೆಂಬ ನಂಬಿಕೆಯುಂಟು. ಹಾಲು ಇಳಿಯುವುದು ಹೊಟ್ಟೆಗೆ, ಹೊಗೆ ಇಳಿಯುವುದು ಶ್ವಾಸಕೋಶಕ್ಕೆ; ಒಂದು ಇನ್ನೊಂದನ್ನು ತೊಳೆಯಲಾರದು. ವರ್ಷಗಟ್ಟಲೆ ಹೊಗೆಯಲ್ಲಿ ಬಾಳಿದವರ ಸ್ಥಿತಿ ಇನ್ನೂ ಗಂಭೀರ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೧೭ರಲ್ಲಿ ಬೆಸುಗೆಯ ಹೊಗೆಯನ್ನು ಮಾನವನಿಗೆ ಕ್ಯಾನ್ಸರ್ ತರುವ ವಸ್ತುಗಳ ವರ್ಗಕ್ಕೆ ಸೇರಿಸಿತು.

ಪರಿಹಾರವು ಅಷ್ಟೊಂದು ಕಷ್ಟವೇನಲ್ಲ. ಬೆಸುಗೆಯನ್ನು ಬಯಲಿನಲ್ಲಿ ಅಥವಾ ಗಾಳಿಯಾಡುವ ಕಡೆ ಮಾಡಬೇಕು. ಹೊಗೆಯ ಎಳೆಯ ಮೇಲೆ ತಲೆಯನ್ನು ಬಾಗಿಸದೆ ಪಕ್ಕದಲ್ಲಿ ಕುಳಿತುಕೊಳ್ಳಬೇಕು. ಸತುವಿನ ಲೇಪವನ್ನೂ ಬಣ್ಣವನ್ನೂ ಬೆಸೆಯುವೆಡೆಯಲ್ಲಿ ಮೊದಲೇ ತೆಗೆಯಬೇಕು. ಹೊಗೆಯನ್ನು ಎಳೆದುಕೊಳ್ಳುವ ಯಂತ್ರವಿರುವ ಕಾರ್ಯಾಗಾರವಾದರೆ ಇನ್ನೂ ಮೇಲು. ತೊಟ್ಟಿಯಂತಹ ಇಕ್ಕಟ್ಟಿನ ಸ್ಥಳದಲ್ಲಿ ಗಾಳಿಯ ಏರ್ಪಾಡಿಲ್ಲದೆ, ಹೊರಗೆ ಕಾವಲಿಗೊಬ್ಬರಿಲ್ಲದೆ ಇಳಿಯಲೇಬಾರದು.

ಕೊನೆಯದಾಗಿ ಒಂದು ಸಣ್ಣ ಮಾತು. ಬೆಸುಗೆಯು ಕೆಂಪು ಕಳೆದು ಕಪ್ಪಾದ ಮೇಲೆಯೂ ನೂರಾರು ಡಿಗ್ರಿ ಬಿಸಿಯಿರುತ್ತದೆ. ಕಾದ ಕಬ್ಬಿಣಕ್ಕೂ ತಣ್ಣನೆಯ ಕಬ್ಬಿಣಕ್ಕೂ ನೋಟದಲ್ಲಿ ಭೇದವಿಲ್ಲ. ಕಿಟ್ಟವನ್ನು ಬಡಿದು ತೆಗೆಯುವಾಗ ಅದರ ಚೂರು ಕಣ್ಣಿಗೆ ಸಿಡಿಯುತ್ತದೆ. ಕಪ್ಪು ಗಾಜನ್ನು ಎತ್ತಿದಾಗಲೂ ಒಳಗೊಂದು ಬಿಳಿಯ ಕನ್ನಡಕ ಇರಬೇಕಾದುದು ಇದರಿಂದಲೇ.

ನಮ್ಮ ಸೇತುವೆಗಳು, ರೈಲುಗಾಡಿಗಳು, ಮನೆಯ ಬಾಗಿಲುಗಳು ಈ ಬೆಸುಗೆಯ ಬಲದಿಂದ ನಿಂತಿವೆ. ಅವುಗಳನ್ನು ಬೆಸೆದವನ ಕಣ್ಣೂ ಶ್ವಾಸವೂ ಅವುಗಳಿಗಿಂತ ಕಡಮೆ ಬೆಲೆಯವಲ್ಲ. ಮುಂದೊಂದು ದಿನ ನಾವು ಕಾರ್ಯಾಗಾರದಲ್ಲಿ ಹೋಲ್ಡರನ್ನು ಹಿಡಿಯುವವರಾಗಬಹುದು, ಇಲ್ಲವೆ ಮನೆಯ ಗೇಟನ್ನು ಮಾಡಿಸುವವರಾಗಬಹುದು. ಮೊದಲನೆಯವರಾದರೆ ಸ್ವಿಚ್ಚನ್ನು ಒತ್ತುವ ಮೊದಲು ಕಿರಣ, ವಿದ್ಯುತ್ತು, ಕಿಡಿ, ಹೊಗೆ ಎಂದು ನಾಲ್ಕನ್ನೂ ಎಣಿಸಿಕೊಳ್ಳೋಣ. ಎರಡನೆಯವರಾದರೆ, ಕೆಲಸಕ್ಕೆ ಬಂದಾತನ ಕೈಯಲ್ಲಿ ಕವಚವಿದೆಯೇ, ಅವನ ಸಹಾಯಕನಿಗೂ ಇದೆಯೇ ಎಂದು ಒಂದು ಮಾತು ಕೇಳೋಣ. ಆ ಮಾತಿಗೆ ಖರ್ಚೇನೂ ಇಲ್ಲ.